ಒಬ್ಬರಿಗೊಂದು ಬಾಣಲೆ

ಬೆಳಗಿನ ಆರೂವರೆ. ವಾಲೆನ್ಸಿಯಾ ಬಳಿಯ ಆಲ್ಬುಫೆರಾ ಕೆರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ದಂಡೆಯ ಖಾನಾವಳಿಯ ಹಿತ್ತಲಲ್ಲಿ ಲೋಲೆಸ್ ಬಾಲ್ದೊವಿ ಮೊಣಕಾಲಿಗೆ ಒತ್ತಿ ಕಿತ್ತಳೆ ಕಟ್ಟಿಗೆ ಮುರಿಯುತ್ತಿದ್ದಾರೆ. ದಪ್ಪನೆಯವು ಎಡಕ್ಕೆ, ಹೆಬ್ಬೆರಳು ಗಾತ್ರದವು ಬಲಕ್ಕೆ. ಕಡ್ಡಿಯಂಥವನ್ನು ಮಾತ್ರ ಇವತ್ತು ಒಂದು ಬುಟ್ಟಿಯಲ್ಲಿ ಜೋಪಾನವಾಗಿ ಎತ್ತಿಡುತ್ತಿದ್ದಾರೆ.

"ಈಗ ಮಾತಾಡಿಸ್ಬೇಡಿ. ಹಸಿ ಕಡ್ಡಿ ಒಂದು ನುಸುಳಿದ್ರೂ ಮಧ್ಯಾಹ್ನ ಅನ್ನವೆಲ್ಲ ಹೊಗೆ ಹೊಗೆ," ಎನ್ನುತ್ತಾರೆ. ಹೇಳಿದ ಮೇಲೆ ಅವರೇ ಮಾತಾಡುತ್ತಾ ಹೋಗುತ್ತಾರೆ.

ಲೋಲೆಸ್‌ಗೆ ಐವತ್ತೆಂಟು. ಈ ಒಲೆಗಳ ಮುಂದೆ ಮೂವತ್ತೊಂದು ವರ್ಷ ಕಳೆದಿದ್ದಾರೆ. ಕಟ್ಟಿಗೆ ಉರಿಯ ಮೇಲೆ ಅಗಲ ಬಾಣಲೆಯಲ್ಲಿ ಬೇಯುವ ಈ ಸೀಮೆಯ ಅನ್ನವೇ ಪಾಯೆಯಾ; ಸಾಮಾನ್ಯ ದಿನ ಮೂವತ್ತು ಬಾಣಲೆ, ಭಾನುವಾರವಾದರೆ ಎಪ್ಪತ್ತು. ಎಂಟು ಬೆಂಕಿ, ಒಂಬತ್ತು ತಾಸು ನಿಂತ ಕಾಲು. ಮೊಲದ ಮಾಂಸ, ಕೋಳಿ, ಅಗಲ ಹುರುಳಿಕಾಯಿ, ಕೇಸರಿ, ಅಕ್ಕಿ ಎಲ್ಲವೂ ಅವರ ಕೈಯಳತೆಯಲ್ಲೇ ಬೀಳಬೇಕು. ಬೋರ್ಡಿನ ಮೇಲಿರುವುದು ಮಾಲೀಕರ ಮನೆತನದ ಹೆಸರು. ಗಿರಾಕಿಗಳು ಫೋಟೊ ತೆಗೆಯುವುದು ಬಾಣಲೆಯದ್ದು.

ಈ ಸೀಮೆಯ ಯಾವ ಮೆನು ತೆಗೆದರೂ ಅನ್ನದ ಸಾಲಿನ ಕೆಳಗೆ 'ಕನಿಷ್ಠ ಇಬ್ಬರಿಗೆ' ಎಂದಿರುತ್ತದೆ. ಒಬ್ಬರಿಗೆಂದು ಯಾರೂ ಬೆಂಕಿ ಹಚ್ಚುವುದಿಲ್ಲ. ಲೋಲೆಸ್ ಕೂಡ ಹಚ್ಚಿದವರಲ್ಲ. "ಒಬ್ಬರೇ ಬಂದು ಕೂತವರಿಗೆ ಅಡುಗೆಮನೆ ಕಿಟಕಿಯಿಂದಲೇ ಆಗಲ್ಲ ಅಂತ ಕೈಯಾಡಿಸಿಬಿಡ್ತಿದ್ದೆ. ಒಂದು ಚೂರೂ ಕಸಿವಿಸಿ ಆಗ್ತಿರ್ಲಿಲ್ಲ ನೋಡಿ," ಎಂದು ತಾವೇ ಒಪ್ಪಿಕೊಳ್ಳುತ್ತಾರೆ.

ಕಳೆದ ತಿಂಗಳು ಸೂರಿನ ರಿಪೇರಿಗೆಂದು ಖಾನಾವಳಿಗೆ ಒಂದು ದಿನ ಬೀಗ ಬಿತ್ತು. ಅಕ್ಕನ ಜೊತೆ ವಾಲೆನ್ಸಿಯಾ ಸುತ್ತುವುದೆಂದು ಮಾತಾಗಿತ್ತು. ಅಕ್ಕ ಮಂಡಿನೋವಿನ ನೆಪ ಹೇಳಿ ಕೈಕೊಟ್ಟಳು. ಲೋಲೆಸ್ ಒಬ್ಬರೇ ಬಸ್ ಹತ್ತಿದರು. ಮುಕ್ಕಾಲು ಗಂಟೆ ದೂರದ ಆ ನಗರಕ್ಕೆ ಅವರು ಅಲ್ಲಿಯವರೆಗೆ ಹೋಗುತ್ತಿದ್ದದ್ದು ಆಸ್ಪತ್ರೆಗೆ, ಇಲ್ಲವೇ ಕಾಗದಪತ್ರದ ಕೆಲಸಕ್ಕೆ.

ಮಿಗೆಲೆತ್ ಗೋಪುರದ ಇನ್ನೂರ ಏಳು ಮೆಟ್ಟಿಲನ್ನು ಮೂರು ಕಡೆ ಕೂತು ಹತ್ತಿದರು. ತುದಿಯಿಂದ ತಮ್ಮ ಕೆರೆಯನ್ನು ಹುಡುಕಿ, ಬೂದುಬಣ್ಣದ ಒಂದು ಗೆರೆ ಕಂಡು ಹಿಗ್ಗಿದರು. ಹಳೆಯ ರೇಷ್ಮೆ ಮಾರುಕಟ್ಟೆಯ ಹುರಿಹೊಸೆದಂಥ ಕಂಬವನ್ನು ಸವರಿ ಕಾವಲುಗಾರನಿಂದ ಬೈಸಿಕೊಂಡರು. ತರಕಾರಿ ಸಂತೆಯಲ್ಲಿ ಹುರುಳಿಕಾಯಿ ಮುರಿದು ನೋಡಿ, "ಇದು ಮೊನ್ನೆ ಕಿತ್ತಿದ್ದು ತಾಯಿ," ಎಂದು ಮಾರುವವಳ ಜೊತೆ ಜಗಳಕ್ಕೆ ನಿಂತರು. ಓರ್ಚಾತ ಎಂಬ ತಣ್ಣನೆಯ ಗೆಡ್ಡೆಹಾಲಿನಲ್ಲಿ ಉದ್ದನೆಯ ಸಿಹಿ ಬನ್ನು ಅದ್ದಿ ಎರಡು ತಿಂದರು. "ಯಾರಿಗೂ ಹೇಳೋದಿಲ್ಲ, ಕೇಳೋದಿಲ್ಲ. ಮನಸು ಬಂದ ಕಡೆ ಕಾಲು. ಇಂಥ ಸುಖ ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಎರಡು ಗಂಟೆಗೆ ಹಸಿವಾಯಿತು. ಇನ್ನೊಬ್ಬರ ಕೈಯ ಅನ್ನ ಉಣ್ಣಬೇಕೆಂಬ ಆಸೆಯಿಂದ ಒಂದು ಹೋಟೆಲಿಗೆ ಹೊಕ್ಕರು. ಮಾಣಿ ಕೇಳಿದ: "ಒಬ್ಬರೇನಾ ಅಮ್ಮ? ಅನ್ನ ಇಬ್ಬರಿಗಿಂತ ಕಮ್ಮಿ ಮಾಡಲ್ಲ."

"ನನ್ನದೇ ಮಾತು, ನನ್ನದೇ ಧಾಟಿ. ಮೊದಲು ನಗು ಬಂತು. ಆಮೇಲೆ ಸುತ್ತ ನೋಡಿದೆ. ಎಲ್ಲರ ಮುಂದೂ ಬಾಣಲೆ, ನನ್ನ ಮುಂದೆ ಖಾಲಿ ಮೇಜು. ಅವಮಾನ ಆಯ್ತು," ಎನ್ನುತ್ತಾರೆ. ತಾನು ಯಾರೆಂದು ಹೇಳದೆ ಎದ್ದು ಬಂದು, ಉದ್ಯಾನದ ಬೆಂಚಿನ ಮೇಲೆ ಹುರಿದ ಮೀನು ತುಂಬಿದ ಬ್ರೆಡ್ಡು ತಿಂದರು. ಎಷ್ಟು ಜನರನ್ನು ಹೀಗೆ ಎಬ್ಬಿಸಿ ಕಳಿಸಿದ್ದೇನೋ ಎಂದು ಬಸ್ಸಿನ ದಾರಿಯುದ್ದಕ್ಕೂ ಲೆಕ್ಕ ಹಾಕಿದರು.

ಮರುದಿನವೇ, ಚಿಕ್ಕಂದಿನಿಂದ ತಮ್ಮನ್ನು ಚಿಕ್ಕಮ್ಮ ಎಂದೇ ಕರೆಯುವ ಮಾಲೀಕ ಸಾಲ್ವಾನ ಮುಂದೆ ನಿಂತು, ಒಬ್ಬರಿಗೂ ಮಾಡೋಣ ಎಂದರು.

"ಊರು ಸುತ್ತಿ ತಲೆ ಕೆಟ್ಟಿತಾ ಚಿಕ್ಕಮ್ಮ? ಒಬ್ಬೊಬ್ಬರಿಗೆ ಒಂದೊಂದು ಒಲೆ ಕೊಟ್ಟು ಭಾನುವಾರ ನಾನೇನು ಕೆರೆಗೆ ಹಾರ್ಲಾ?"

"ಹಾರು. ಈಜು ಕಲಿಸಿದ್ದು ನಾನೇ ಅಲ್ವೇನೋ?"

ಕೊನೆಗೆ ಒಂದು ಕರಾರಾಯಿತು. ಆರು ಸಲ ಅವಕಾಶ, ತೀರ್ಪು ಚಿಮೊ ಮಾಮನದ್ದು. ಗೆದ್ದರೆ ಮೆನುವಿನ ಆ ಸಾಲು ಹೋಗುತ್ತದೆ. ಸೋತರೆ ಲೋಲೆಸ್ ಮತ್ತೆ ಆ ಮಾತೆತ್ತುವಂತಿಲ್ಲ. ಚಿಮೊ ಮಾಮ ಎಪ್ಪತ್ತನಾಲ್ಕರ ಮಾಜಿ ಅಂಬಿಗ. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಹಗಲೆಲ್ಲ ಖಾನಾವಳಿಯ ಮೂಲೆ ಮೇಜಿನಲ್ಲಿ ಡಾಮಿನೊ ಆಡುತ್ತಾ ಕೂರುತ್ತಾರೆ. ಯಾರ ಅಡುಗೆಯನ್ನೂ ಹೊಗಳಿದ ದಾಖಲೆ ಊರಲ್ಲಿಲ್ಲ.

ಐದು ಬಾಣಲೆ ಕೆಟ್ಟವು. ಅಂಚು ಸೀದು ನಡುವೆ ಗಂಜಿಯಾದದ್ದೇ ಹೆಚ್ಚು. ಮಾಮ ಒಂದು ಚಮಚ ಬಾಯಿಗಿಟ್ಟು, "ಇದು ಪಾಯೆಯಾ ಅಲ್ಲ ಕಣೇ ಲೋಲೆಸ್, ಅನ್ನಕ್ಕೆ ಏನೇನೋ ಹಾಕಿದ್ದು," ಎಂದರು. ಈ ಅಕ್ಕಿಸೀಮೆಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. "ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲಾಯ್ತು ಅಂತ ಮನೆಗೆ ಹೋಗಿ ಅತ್ತುಬಿಟ್ಟೆ," ಎನ್ನುತ್ತಾರೆ ಲೋಲೆಸ್.

ತಪ್ಪು ಹೊಳೆದದ್ದು ಮೊನ್ನೆ. ಬಾಣಲೆಯ ಹಿಡಿ ಕೂರಿಸಿದ ಮೊಳೆಯ ತನಕ ನೀರು ಹೊಯ್ಯುವುದು ಇಲ್ಲಿಯವರಿಗೆ ತಾಯಂದಿರು ಕಲಿಸಿದ ಅಳತೆ. ಯಾರೂ ಯೋಚಿಸಿ ಹೊಯ್ಯುವುದಿಲ್ಲ, ಕೈಯೇ ಹೊಯ್ಯುತ್ತದೆ. ಪುಟ್ಟ ಬಾಣಲೆಯಲ್ಲಿ ಆ ಅಳತೆಗೆ ಅಕ್ಕಿ ಮುಳುಗಿಹೋಗುತ್ತಿತ್ತು. ನೀರು ಇಂಗಿಸಲು ಉರಿ ಹೆಚ್ಚಿಸಿದರೆ ಅಂಚು ಸೀಯುತ್ತಿತ್ತು.

ಇವತ್ತು ಆರನೆಯದು, ಕೊನೆಯದು. ದೊಡ್ಡ ಒಲೆಯಿಂದ ಕೆಂಡ ಎಳೆದು ಲೋಲೆಸ್ ಪುಟ್ಟ ಬಾಣಲೆ ಇಡುತ್ತಾರೆ. ಮೊಳೆಗಿಂತ ಒಂದು ಬೆರಳು ಕೆಳಗೆ ನೀರು ನಿಲ್ಲಿಸುತ್ತಾರೆ. ಹದಿನೆಂಟು ನಿಮಿಷ ಕುಕ್ಕರಗಾಲಲ್ಲಿ ಕದಲದೆ ಕೂರುತ್ತಾರೆ. ಕೊನೆಯ ಎರಡು ನಿಮಿಷಕ್ಕೆ ಬುಟ್ಟಿಯ ಕಡ್ಡಿಗಳನ್ನು ಒಂದೊಂದಾಗಿ ಉರಿಗೊಡ್ಡುತ್ತಾರೆ. ಇಲ್ಲಿಯವರು ಆಸೆಯಿಂದ ಕೆರೆದು ತಿನ್ನುವ ಗರಿಗರಿ ತಳ ಕಟ್ಟುತ್ತಾ ಅನ್ನ ಚಟಪಟ ಎನ್ನುತ್ತದೆ.

ಡಾಮಿನೊ ಗೆಳೆಯರು ಊಟಕ್ಕೆ ಮನೆಗೆ ಹೋಗಿದ್ದಾರೆ. ಚಿಮೊ ಮಾಮ ಒಬ್ಬರೇ ಕೂತಿದ್ದಾರೆ. ಸಾಲ್ವಾ ಬಾಣಲೆ ಇಟ್ಟು ಬರುತ್ತಾನೆ. ಲೋಲೆಸ್ ಕಿಟಕಿಗೆ ಬೆನ್ನು ಹಾಕಿ, ತೊಳೆದ ಸೌಟನ್ನೇ ಮತ್ತೆ ತೊಳೆಯುತ್ತಾರೆ. ಆಮೇಲೆ ಕಬ್ಬಿಣಕ್ಕೆ ಚಮಚ ಕೆರೆಯುವ ಸದ್ದು.

"ಚಿಕ್ಕಮ್ಮ, ತಳ ಕೆರೀತಿದ್ದಾರೆ!"

"ನಂಗೂ ಕಿವಿ ಇದೆ ಕಣೋ."

ಮಾಮ ಖಾಲಿ ಬಾಣಲೆಯನ್ನು ತಾವೇ ತಂದು ಕಿಟಕಿಯಲ್ಲಿಡುತ್ತಾರೆ. "ಉಪ್ಪು ಚೂರು ಕಮ್ಮಿ," ಎಂದು ತಿರುಗಿದವರು ಮತ್ತೆ ನಿಲ್ಲುತ್ತಾರೆ. "ಗುರುವಾರ ಗುರುವಾರ ನಂಗೊಂದು ಇಟ್ಟಿರು ಲೋಲೆಸ್. ಅವಳು ಹೋದ ಮೇಲೆ ಮನೇಲಿ ಅನ್ನಕ್ಕೆ ಒಲೆ ಹಚ್ಚಿಲ್ಲ. ಒಬ್ಬನಿಗೆ ಯಾರು ಹಚ್ತಾರೆ?"

ಅವರು ಹೋದ ಮೇಲೆ ಲೋಲೆಸ್ ಆ ಬಾಣಲೆಯನ್ನು ಹಿಡಿದುಕೊಂಡೇ ನಿಂತಿರುತ್ತಾರೆ. "ಊರು ನೋಡೋಕೆ ಬಂದೋರಿಗೆ ಅಂತ ಇಷ್ಟೆಲ್ಲ ಮಾಡಿದೆ," ಎನ್ನುತ್ತಾರೆ. "ನಮ್ಮೋರೇ ಒಬ್ಬರು ಮೂರು ವರ್ಷದಿಂದ ನನ್ನ ಕಿಟಕಿ ಎದುರಿಗೇ ಕೂತಿದ್ರಲ್ಲ, ಗೊತ್ತೇ ಆಗಿರ್ಲಿಲ್ಲ."