ಮನೆಯವರು ಬರೆಯುತ್ತಿದ್ದ ಕಮೆಂಟು

ಇವತ್ತು ಬೆಳಿಗ್ಗೆ ನಲ್ಲಿಯ ಕೆಳಗೆ ಡ್ರಮ್ಮಿಟ್ಟು ಕಾಯುತ್ತಿದ್ದೆ. ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಕಾವೇರಿ ನೀರು ಬರುವ ಮೊದಲು ನಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿ ಬಿಡುತ್ತದೆ, ಈಗಷ್ಟೇ ಎದ್ದವರು ಗಂಟಲು ಸರಿಮಾಡಿಕೊಳ್ಳುವ ಹಾಗೆ. ಆಗಲೇ ಪ್ರಕಾಶಕರ ಫೋನು ಬಂತು.

"ಮೇಡಂ, ಪುಸ್ತಕ ಎರಡನೇ ಸಲ ಪ್ರಿಂಟಿಗೆ ಹೋಗ್ತಾ ಇದೆ. ತಿದ್ದೋದು ಏನಾದ್ರೂ ಇದ್ರೆ ಶನಿವಾರದೊಳಗೆ ಹೇಳ್ಬಿಡಿ."

ಒಂದಿದೆ ಎಂದೆ.

"ಯಾವ ಪುಟ?"

ಆಮೇಲೆ ಹೇಳುತ್ತೇನೆಂದು ಫೋನಿಟ್ಟೆ. ಡ್ರಮ್ಮು ತುಂಬಿ ಚೆಲ್ಲುತ್ತಿರುವುದು ಪಾದ ತಣ್ಣಗಾದ ಮೇಲೆ ತಿಳಿಯಿತು.

ಇದೇ ಪ್ರಕಾಶಕರು ಮೊದಲ ಸಲ ಫೋನು ಮಾಡಿದ್ದರ ಹಿಂದಿನ ದಿನವೂ ನೀರು ಬಂದಿತ್ತು. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತಿದ್ದ ಕೊನೆಯ ದಿನ ಅದು. ಮನೆಯ ಬಕೆಟ್ಟು, ಬಿಂದಿಗೆ, ಡ್ರಮ್ಮುಗಳನ್ನೆಲ್ಲ ಒಬ್ಬಳೇ ತುಂಬಿಸಿ ಸೊಂಟ ಬಿದ್ದುಹೋಯಿತು ಅಂತ ನನ್ನ ಬ್ಲಾಗಿನಲ್ಲಿ ಬರೆದೆ. ಕೊನೆಯಲ್ಲಿ ಎಂದಿನಂತೆ "ನಿಮ್ಮನೇಲಿ ಹೇಗೆ?" ಎಂದು ಕೇಳಿದೆ. ಮಧ್ಯಾಹ್ನ ಕೆಳಗೊಂದು ಕಮೆಂಟು ಬಿದ್ದಿತ್ತು. "ದೊಡ್ಡ ಡ್ರಮ್ಮು ತುಂಬಿಸಿದ್ದು ಯಾರು ಅಂತ ಓದುಗರು ವಿಚಾರಿಸಬೇಕು. ಇಂತಿ, ಮನೆಯವರು."

ಮನೆಯವರು ಎಂದರೆ ನಿಜವಾಗಿಯೂ ನನ್ನ ಮನೆಯವರೇ. ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಅವರ ಮಾತು ಬಹಳ ಕಡಿಮೆ. ಸಾರು ಹೇಗಿದೆ ಅಂದರೆ "ಹ್ಞೂಂ", ಸೀರೆ ಹೇಗಿದೆ ಅಂದರೂ ಅದೇ "ಹ್ಞೂಂ". ಆದರೆ ಊಟದ ವಿರಾಮದಲ್ಲಿ ಆಫೀಸಿನ ಕಂಪ್ಯೂಟರಿನ ಮುಂದೆ ಕೂತರೆ ಬೇರೆಯೇ ಮನುಷ್ಯ. ನಾನು ಬರೆದದ್ದರಲ್ಲಿ ಸುಳ್ಳು ಹುಡುಕುವುದೇ ಅವರಿಗೆ ಕೆಲಸ. ಆ ಸಾರು ನಿಜಕ್ಕೂ ಹೇಗಿತ್ತು ಎಂಬುದು ನನಗೆ ಗೊತ್ತಾಗುತ್ತಿದ್ದದ್ದು ಹೀಗೆ, ಮಾರನೆಯ ದಿನ, ಊರಿಗೆಲ್ಲ ಕಾಣುವ ಜಾಗದಲ್ಲಿ. ಸಂಜೆ ಅವರು ಬಂದು ಚಪ್ಪಲಿ ಬಿಡುವಾಗ ನಾನು "ಏನ್ರೀ ಅದು?" ಅನ್ನುವುದು, ಅವರು ಏನೂ ತಿಳಿಯದವರಂತೆ ಕಾಫಿ ಕೇಳುವುದು. ನಿಮಗೆ ಇದು ಸಂಸಾರ ಮಾಡುವ ರೀತಿಯೇ ಅಂತ ಅನ್ನಿಸಬಹುದು. ನಮಗೆ ಚೆನ್ನಾಗಿತ್ತು.

ಮಾರನೆಯ ದಿನ ಪ್ರಕಾಶಕರು ಫೋನು ಮಾಡಿ ಪುಸ್ತಕ ತರೋಣ ಎಂದರು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೊತೆಗೊಂದು ಮಾತನ್ನೂ ಸೇರಿಸಿದರು. "ನೆಟ್ಟಲ್ಲಿ ಬಿಟ್ಟಿ ಸಿಗೋದನ್ನ ಯಾರು ಮೇಡಂ ದುಡ್ಡು ಕೊಟ್ಟು ತಗೋತಾರೆ? ಅಲ್ಲಿಂದ ತೆಗೆದುಬಿಡಿ."

ಭಾನುವಾರ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಬರಹಗಳನ್ನು ಬೇರೆ ಕಡೆ ಉಳಿಸಿಕೊಂಡು ಬ್ಲಾಗಿನಿಂದ ಒಂದೊಂದಾಗಿ ಅಳಿಸುತ್ತ ಹೋದೆವು. ಗುಂಡಿ ಒತ್ತುತ್ತಿದ್ದವರು ಅವರೇ. ನಾನು ಕೇಳಿದೆ, "ಕಮೆಂಟೂ ಹೋಗುತ್ತಲ್ರೀ?"

"ಹೋಗ್ಲಿ ಬಿಡೇ. ನಾನು ಮನೇಲೇ ಇರ್ತೀನಲ್ಲ. ಏನು ಬರೆದಿದ್ದೆ ಅಂತ ಬೇಕಾದಾಗ ಕೇಳು."

"ನೀವು ಹೇಳೋದು ಬರೀ ಹ್ಞೂಂ ತಾನೆ?"

"ಹ್ಞೂಂ," ಎಂದರು. ಇಬ್ಬರೂ ನಕ್ಕೆವು.

ಆಮೇಲೆ ಬ್ಲಾಗು ಬೇರೆಯದೇ ಆಯಿತು. ಏನಾದರೂ ಒಳ್ಳೆಯದು ಹೊಳೆದರೆ ಬ್ಲಾಗಿಗೆ ಹಾಕಲು ಭಯ, ಮುಂದೆ ಯಾವುದಾದರೂ ಪತ್ರಿಕೆಗೆ ಬೇಕಾದರೆ? ಕೆಟ್ಟದ್ದು ಹಾಕಲೂ ಭಯ, ಪ್ರಕಾಶಕರು ಓದಿಬಿಟ್ಟರೆ? ಹಾಗಾಗಿ ಯಾರಿಗೂ ಬೇಡದ್ದನ್ನು ಬಹಳ ಗಂಭೀರವಾಗಿ ಬರೆಯತೊಡಗಿದೆ. ಓದಿನ ಮಹತ್ವ, ಬರವಣಿಗೆಯ ಕಷ್ಟ. ಸೊಪ್ಪಿನವಳು, ಸೀದ ಹಾಲು, ನೀರಿನ ಜಗಳ ಎಲ್ಲ ಹೋದವು. ಸ್ಟುಡಿಯೋದಲ್ಲಿ ಗಲ್ಲಕ್ಕೆ ಕೈ ಕೊಟ್ಟು ತೆಗೆಸಿಕೊಂಡ ಫೋಟೋ ಬಂತು. "ನಿಮ್ಮನೇಲಿ ಹೇಗೆ?" ಎಂಬ ಪ್ರಶ್ನೆ ಲೇಖಕಿಗೆ ಶೋಭಿಸದು ಎಂದುಕೊಂಡು ಅದನ್ನೂ ಬಿಟ್ಟೆ. ದಿನಕ್ಕೆ ಎಷ್ಟೋ ಸಲ ಮೇಲ್ ತೆರೆದು ಪ್ರಕಾಶಕರಿಂದ ಏನಾದರೂ ಬಂದಿದೆಯೇ ಎಂದು ನೋಡುವುದೇ ಆಯಿತು. ಒಲೆಯ ಮೇಲಿಟ್ಟ ಬೇಳೆ ತಳ ಹಿಡಿದರೂ ಅದನ್ನು ಬರೆಯಬೇಕೆಂದು ಅನ್ನಿಸುತ್ತಿರಲಿಲ್ಲ.

ಕಮೆಂಟುಗಳು ನಿಂತವು. ಒಂದು ಸಂಜೆ ಕೇಳಿಯೇಬಿಟ್ಟೆ, "ಈಚೆಗೆ ನೀವೇನೂ ಬರೀತಾ ಇಲ್ಲ?"

"ಏನ್ ಬರೀಲಿ ಕಣೇ? ನೀನು ಬರೆಯೋದ್ರಲ್ಲಿ ಈಗ ತಪ್ಪೇ ಸಿಗಲ್ಲ."

ಹೊಗಳಿದರು ಎಂದುಕೊಂಡೆ.

ಪುಸ್ತಕದ ಕರಡು ಬರುವ ವಾರ, ಕೆಲಸಕ್ಕೆ ಹೊರಟವರು ವಿಜಯನಗರದ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಯಾರೋ ಆಟೋದವರು ಆಸ್ಪತ್ರೆಗೆ ಸೇರಿಸಿದರು. ಮೆಟ್ರೋಗೆಂದು ಅಗೆದ ರಸ್ತೆಯನ್ನು ಸುತ್ತಿಬಳಸಿ ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಪುಸ್ತಕ ಬಂತು. ಅದರ ಮೊದಲ ಬರಹ, ನಾವು ಕೆಂಗೇರಿಯಿಂದ ಈ ಮನೆಗೆ ಬಂದ ದಿನದ್ದು. ಟೆಂಪೋದಲ್ಲಿ ಸಾಮಾನು, ತುಂತುರು ಮಳೆ, ಗ್ಯಾಸ್ ಇನ್ನೂ ಬಂದಿಲ್ಲವೆಂದು ಸೀಮೆಎಣ್ಣೆ ಸ್ಟವ್ ಮೇಲೆ ಹಾಲುಕ್ಕಿಸಿದ್ದು, ಹಾಲು ಪೂರ್ವಕ್ಕೇ ಉಕ್ಕಿದ್ದು, ಟೆಂಪೋದವರು ನಮ್ಮ ಜೊತೆ ಕೂತು ಪಾಯಸ ಕುಡಿದದ್ದು. ಅದನ್ನು ಬ್ಲಾಗಿಗೆ ಹಾಕಿದ ದಿನ ಮನೆಯವರ ಕಮೆಂಟು ಶುರುವಾಗಿದ್ದು ಹೀಗೆ: "ಎಲ್ಲಾ ಸರಿ, ಒಂದು ತಪ್ಪು." ಮುಂದಿನದನ್ನು ಓದಿ ನಾನು ಕುರ್ಚಿಯಲ್ಲಿ ಹೊರಳಾಡಿ ನಕ್ಕಿದ್ದೆ. ಆ ನಗು ನೆನಪಿದೆ. ಯಾವುದಕ್ಕೆ ನಕ್ಕೆ ಎಂಬುದು ಎಷ್ಟು ತಿಣುಕಿದರೂ ಬರುತ್ತಿಲ್ಲ.

ಆ ತಪ್ಪು ಯಾವುದಿರಬಹುದು ಎಂದು ಈ ಬೆಳಿಗ್ಗೆ ಮತ್ತೆ ಕೆಳಗಿನ ಮನೆಯ ಆಂಟಿಯನ್ನು ಕೇಳಿದೆ. ಅವತ್ತು ಹಾಲು ಕೊಟ್ಟವರು ಅವರೇ. "ಎಷ್ಟ್ ಸಲ ಕೇಳ್ತೀಯಮ್ಮ? ಹಾಲು ಯಾವ ಕಡೆ ಉಕ್ಕಿದ್ರೇನು, ಉಕ್ತಲ್ಲ? ಬಾ, ಎರಡು ಇಡ್ಲಿ ತಿನ್ನು." ಹಳೆಯ ಓದುಗರೊಬ್ಬರಿಗೆ ಮೇಲ್ ಮಾಡಿದೆ. ಸ್ಟವ್ ಬಗ್ಗೆ ಏನೋ ಇತ್ತು ಎಂದು ಬರೆದರು. ಮತ್ತೊಬ್ಬರು ಮಳೆಯ ಬಗ್ಗೆ ಎಂದರು. ಮೇಲೆ ಬರೆದ ಡ್ರಮ್ಮಿನ ಕಮೆಂಟು ಕೂಡ ಹಾಗೆಯೇ ಇತ್ತೇ, ಅಥವಾ ಮನೆಯವರ ಹೆಸರಿನಲ್ಲಿ ಈಗ ನಾನೇ ಹೊಸೆಯುತ್ತಿದ್ದೇನೆಯೇ?

ಸಂಜೆ ಪ್ರಕಾಶಕರಿಗೆ ಫೋನು ಮಾಡಿ, ಇದ್ದ ಹಾಗೇ ಮುದ್ರಿಸಿ ಎಂದೆ. ಆಮೇಲೆ ಗಲ್ಲಕ್ಕೆ ಕೈ ಕೊಟ್ಟ ಫೋಟೋ ತೆಗೆದುಹಾಕಿ, ಬಹಳ ದಿನಗಳ ಮೇಲೆ ಬ್ಲಾಗಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಪುಸ್ತಕ ಕೊಂಡವರು ತಿಳಿದಿರಲಿ. ನಾವು ಈ ಮನೆಗೆ ಬಂದ ದಿನದ ಬಗ್ಗೆ ನಾನು ಬರೆದಿರುವುದರಲ್ಲಿ ಒಂದು ತಪ್ಪಿದೆ. ಅದು ಯಾವುದೆಂದು ನನಗೆ ಗೊತ್ತಿಲ್ಲ.