ಮೆಕ್ಕೆಜೋಳ ಗೆಲ್ಲಿಸಿದ ಆಟ

ಹರಪನಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಹೇಳುವವನು. ಆರಡಿ ಎತ್ತರ ಇದ್ದೇನೆಂಬ ಒಂದೇ ಅಪರಾಧಕ್ಕೆ ಪ್ರಾಂಶುಪಾಲರು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ನನ್ನ ಕೊರಳಿಗೆ ಗಂಟು ಹಾಕಿದರು. ಅಲ್ಲಿಯವರೆಗೆ ಆ ಚೆಂಡನ್ನು ನಾನು ಮುಟ್ಟಿದವನೂ ಅಲ್ಲ. ಮೂರು ವರ್ಷಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಎಲ್ಲರಿಗೂ ಮಣ್ಣು ಮುಕ್ಕಿಸಿದೆವು. ಜನ ನನ್ನನ್ನು ದೊಡ್ಡ ಕೋಚ್ ಎಂದರು. ನಾನೂ ಬೇಡ ಅನ್ನಲಿಲ್ಲ.

ನಿಜ ಹೇಳಿಬಿಡುತ್ತೇನೆ, ಗೆಲ್ಲಿಸಿದ್ದು ಮೆಕ್ಕೆಜೋಳ. ನಮ್ಮ ಅಂಕಣದಷ್ಟು ನುಣುಪಾದ ಸಿಮೆಂಟಿನ ನೆಲ ಆಸುಪಾಸಿನಲ್ಲಿ ಇನ್ನೊಂದಿಲ್ಲ. ಸುಗ್ಗಿ ಬಂತೆಂದರೆ ಅರ್ಧ ಅಂಕಣದಲ್ಲಿ ರೈತರು ಜೋಳ ಒಣಹಾಕುತ್ತಿದ್ದರು. ಬೇಡವೆನ್ನಲು ನನಗೆ ಧೈರ್ಯವಿರಲಿಲ್ಲ. ಅದರಲ್ಲಿ ಪ್ರಾಂಶುಪಾಲರ ಭಾವನ ಜೋಳವೂ ಇರುತ್ತಿತ್ತು. ಉಳಿದರ್ಧದಲ್ಲೂ ಕಾಳು ಚೆಲ್ಲಿರುತ್ತಿದ್ದುದರಿಂದ ಚೆಂಡು ಪುಟಿಸಿದರೆ ಎತ್ತಲೋ ಹಾರುತ್ತಿತ್ತು. ಹುಡುಗಿಯರು ಪುಟಿಸುವುದನ್ನೇ ಬಿಟ್ಟು ಕೈಯಿಂದ ಕೈಗೆ ದಾಟಿಸುವುದನ್ನು ಕಲಿತರು. ಚೆಂಡು ಯಾರ ಕೈಯಲ್ಲಿದೆ ಎಂದು ಎದುರಾಳಿಗಳಿಗೆ ತಿಳಿಯುವಷ್ಟರಲ್ಲಿ ಅದು ಬುಟ್ಟಿಯಲ್ಲಿರುತ್ತಿತ್ತು. ಸನ್ಮಾನವೊಂದರಲ್ಲಿ ಯಾರೋ ನನ್ನ ತಂತ್ರವೇನೆಂದು ಕೇಳಿದಾಗ ಶಾಲು ಸರಿಮಾಡಿಕೊಂಡು, "ಶಿಸ್ತು" ಎಂದೆ.

ನಾಲ್ಕನೇ ವರ್ಷ ಜಿಲ್ಲಾ ಫೈನಲ್ ನಮ್ಮಲ್ಲೇ ನಡೆಯಿತು, ಹಡಗಲಿಯವರ ಮೇಲೆ. ನಮ್ಮ ನಾಯಕಿ ಬಾಗಳಿಯ ಹುಡುಗಿ. ಗೆದ್ದರೆ ರಾಜ್ಯಮಟ್ಟ, ಅಲ್ಲಿನ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಡಿಗ್ರಿ ಸೀಟು, ಹಾಸ್ಟೆಲ್. ಇಲ್ಲದಿದ್ದರೆ ಓದು ಪಿಯುಸಿಗೇ ಸಾಕು ಎಂದು ಅವಳಪ್ಪ ಹೇಳಿಯಾಗಿತ್ತು. ಅವತ್ತು ಅವರೂ ಅಲ್ಲಿದ್ದರು, ಮಗಳ ಆಟಕ್ಕಲ್ಲ, ತಮ್ಮ ಜೋಳ ಕಾಯಲು. ಪಂದ್ಯಕ್ಕೆಂದು ಅಂಕಣ ಖಾಲಿ ಮಾಡಿಸಿ, ಗೆರೆಯಾಚೆ ಸುತ್ತಲೂ ರಾಶಿ ಹಾಕಿಸಿದ್ದೆ.

ಕೊನೆಯ ನಿಮಿಷ. ನಾವು ಒಂದು ಅಂಕ ಹಿಂದೆ, ಚೆಂಡು ನಾಯಕಿಯ ಕೈಯಲ್ಲಿ. ಆಗ ದಪ್ಪ ದಪ್ಪ ಹನಿ ಬಿದ್ದವು. ಸುಗ್ಗಿಯಲ್ಲಿ ಹನಿ ಬಿದ್ದರೆ ನಮ್ಮ ಕಡೆಯವರ ಕಾಲು ಮೊದಲು ಓಡುತ್ತದೆ, ತಲೆ ಆಮೇಲೆ. "ಜ್ವಾಳ ಮುಚ್ರಲೇ!" ಎಂದು ಒಬ್ಬ ಕಿರುಚಿದ. ಆ ಒಬ್ಬ ನಾನೇ.

ನಮ್ಮ ಹುಡುಗಿಯರು ಓಡಿದರು. ಹಡಗಲಿಯವರೂ ರೈತರ ಮಕ್ಕಳೇ, ಅವರೂ ಓಡಿದರು. ರೆಫರಿ ಸೀಟಿ ಊದುವುದನ್ನು ಮರೆತು ತಾಡಪತ್ರಿಯ ಒಂದು ತುದಿ ಹಿಡಿದರು. ಇನ್ನೊಂದು ತುದಿ ನನ್ನ ಕೈಯಲ್ಲಿ. ಅಂಕ ಬರೆಯುವವರು ಹಾಳೆಯನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದರು. ಆಟ ಮುಗಿದ ಗಂಟೆ ಬಾರಿಸಬೇಕಾದ ಜವಾನ ಮಾತ್ರ ವರಾಂಡದಲ್ಲಿ ಕೈಗಡಿಯಾರದಿಂದ ಕಣ್ಣೆತ್ತಿರಲಿಲ್ಲ. ಗಂಟೆ ಕೇಳಿ ನಾವೆಲ್ಲ ತಿರುಗಿದರೆ ಅಂಕಣದಲ್ಲಿ ನಾಯಕಿ ಒಬ್ಬಳೇ ನಿಂತಿದ್ದಳು. ಚೆಂಡು ಬುಟ್ಟಿಯ ಕೆಳಗೆ ಉರುಳುತ್ತಿತ್ತು.

"ಹಾಕೀನ್ರಿ ಸರ," ಎಂದಳು, "ಗಂಟಿಗಿಂತ ಮೊದ್ಲ."

"ಯಾರು ನೋಡ್ಯಾರ?" ಎಂದರು ಹಡಗಲಿಯ ಕೋಚ್.

ರೆಫರಿ ಕೈಯಲ್ಲಿದ್ದ ತಾಡಪತ್ರಿಯ ತುದಿ ನೋಡಿಕೊಂಡರು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಆ ಹುಡುಗಿಯ ಸೀಟು ಆ ಒಂದು ಬುಟ್ಟಿಯ ಮೇಲೆ ನಿಂತಿತ್ತು, ದೊಡ್ಡ ಕೋಚ್ ಪ್ರಾಂಶುಪಾಲರ ಭಾವನ ಜೋಳ ಕಾಯುತ್ತಿದ್ದ.

"ನಾ ನೋಡೀನ್ರಿ," ಎಂದರು ಅವಳಪ್ಪ. "ಗಂಟಿ ಆಮ್ಯಾಲೆ ಹೊಡೀತು."

ಹಡಗಲಿಯ ಕೋಚ್ ನಕ್ಕರು. "ಹಡೆದಪ್ಪ ಮತ್ತೇನ್ ಹೇಳ್ತಾನ್ರಿ? ಎಲ್ಲಾರೂ ಜ್ವಾಳ ಮುಚ್ಚಾಕ ಹತ್ತಿದ್ವಿ. ನೀವೊಬ್ರು ಆಟ ನೋಡ್ಕೋತ ನಿಂತಿದ್ರೇನು?"

ರೆಫರಿ ಹುಡುಗಿಯ ಅಪ್ಪನ ರಾಶಿಯತ್ತ ತಿರುಗಿದರು. ಅಷ್ಟೂ ರಾಶಿಗಳಲ್ಲಿ ತೊಪ್ಪೆಯಾಗಿದ್ದದ್ದು ಅದೊಂದೇ. ಮಡಿಸಿದ ತಾಡಪತ್ರಿ ಇನ್ನೂ ಅವರ ಕಂಕುಳಲ್ಲೇ ಇತ್ತು. ರೆಫರಿ ಹಾಳೆ ತರಿಸಿ ನಮಗೆ ಎರಡು ಅಂಕ ಬರೆಸಿದರು.