ಮೂರನೇ ವರ್ಷದವರ ನಾಟಕ

ಯುಗಾದಿ ಕಳೆದು ಒಂದು ವಾರವಾಗಿತ್ತು. ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿದ್ದ ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತು, ತಾನೂ ಬಿಡಿಸತೊಡಗಿದಳು. ಕರೆಯದೆ ಬಂದು ಕೆಲಸಕ್ಕೆ ಕೈ ಹಾಕಿದಳೆಂದರೆ ಏನೋ ಕೇಳುವುದಿದೆ ಎಂದೇ ಅರ್ಥ.

“ಅಜ್ಜಿ, ನಾನು ಬಿ.ಕಾಂ.ಗೆ ಸೇರಲ್ಲ. ನಾಟಕ ಓದ್ತೀನಿ.”

“ಓದೋದಾ, ಆಡೋದಾ?”

“ಎರಡೂನೂ. ಅದಕ್ಕೂ ಡಿಗ್ರಿ ಇದೆ. ಅಪ್ಪಂಗೆ ನೀನೇ ಹೇಳ್ಬೇಕು.”

“ನಿಮ್ಮಮ್ಮ ಏನಂತಾಳೆ?”

“ನಿಮ್ಮಜ್ಜಿ ಒಪ್ಪಿಸಿದ್ರೆ ನಂದೇನೂ ಅಡ್ಡಿ ಇಲ್ಲ ಅಂದ್ಬಿಟ್ಳು.”

ಸೊಸೆ ಜಾಣೆ. ಸರಿ, ಹೇಳುತ್ತೇನೆ ಎಂದೆ. ಫ್ರಾಂಕ್ಲಿ, ಅದೇನು ದೊಡ್ಡ ಕಷ್ಟದ ಕೆಲಸ ಎಂದು ನನಗೆ ಅನ್ನಿಸಲಿಲ್ಲ. ನನ್ನ ಮಗನೇ ನಾಟಕದ ಹುಚ್ಚಿನವನು.

ನಮ್ಮದು ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿ. ಮಗ ಸೋಂಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಬೇಸಿಗೆಯಲ್ಲಿ ನಮ್ಮೂರ ಗಂಡಸರೆಲ್ಲ ಸೇರಿ ಒಂದು ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಒಬ್ಬರು ಮೂರು ತಿಂಗಳು ಮುಂಚೆಯೇ ಬರತೊಡಗುತ್ತಾರೆ. ಸಂಜೆ ಏಳಕ್ಕೆ ನಮ್ಮ ಮನೆಯ ಮುಂದಿನ ಹಜಾರದಲ್ಲಿ ತಾಲೀಮು. ಮಗ ಹದಿನಾಲ್ಕು ವರ್ಷದಿಂದ ಗದೆ ಹಿಡಿಯುವ ಪಾತ್ರವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ. ರಾಣಿಯ ಪಾತ್ರಕ್ಕೆ ಮಾತ್ರ ಬೆಂಗಳೂರಿನಿಂದ ಕಲಾವಿದೆಯೊಬ್ಬರನ್ನು ಕರೆಸುತ್ತಾರೆ. ಅವರು ಬರುವುದು ಕೊನೆಯ ಒಂದೆರಡು ತಾಲೀಮಿಗೆ. ಅಲ್ಲಿಯವರೆಗೆ ರಾಣಿಯ ಮಾತು, ಪದ್ಯ ಎಲ್ಲವನ್ನೂ ಮೇಷ್ಟ್ರೇ ಹೆಣ್ಣುದನಿ ಮಾಡಿಕೊಂಡು ಹೇಳುತ್ತಾರೆ. ಅರವತ್ತು ದಾಟಿದ, ಬಿಳಿ ಮೀಸೆಯ ಮೇಷ್ಟ್ರು ಪೆಟ್ಟಿಗೆ ಒತ್ತುತ್ತ ರಾಣಿಯಾಗಿ ಅಳುವುದನ್ನು ಕೇಳಿಕೊಂಡೇ ನನ್ನ ಮೊಮ್ಮಗಳು ಹೋಂವರ್ಕ್ ಮಾಡಿ ಬೆಳೆದವಳು.

ಆ ರಾತ್ರಿ ಊಟಕ್ಕೆ ಬಡಿಸುತ್ತ ವಿಷಯ ತೆಗೆದೆ. ಮಗ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

“ಅಮ್ಮ, ಅದೆಲ್ಲ ಬೇಡ.”

“ನೀನು ಆಡಲ್ವೇನೋ?”

“ನಾವು ಆಡೋದು ಶೋಕಿಗೆ. ಬೆಳಿಗ್ಗೆ ಬಣ್ಣ ತೊಳ್ಕೊಂಡು ಫ್ಯಾಕ್ಟರಿಗೆ ಹೋಗ್ತೀವಿ. ಹೆಣ್ಮಕ್ಳು ಆಡೋದು ಬೇರೆ.”

ಹೇಗೆ ಬೇರೆ ಎಂದು ನಾನು ಕೇಳಲಿಲ್ಲ. ನನಗೂ ಗೊತ್ತಿತ್ತು. ನಮ್ಮೂರಿನ ಯಾವ ಮನೆಯ ಹೆಣ್ಣುಮಗಳೂ ಆ ಸ್ಟೇಜ್ ಹತ್ತಿದವಳಲ್ಲ. ಹತ್ತುವ ಹೆಂಗಸು ಹೊರಗಿನವಳು. ಮಾರನೆಯ ದಿನ ಹಾಲಿನ ಡೈರಿಯ ಮುಂದೆ ಅವಳ ಬಗ್ಗೆ ಆಡುವ ಮಾತೇ ಬೇರೆ. ಆ ಮಾತನ್ನು ಮಗಳಿಗೆ ಜೋಡಿಸಿ ಯೋಚಿಸುವುದು ಅವನಿಂದ ಆಗುತ್ತಿರಲಿಲ್ಲ.

ಆದರೂ ಅಜ್ಜಿ ಮೊಮ್ಮಗಳು ಸುಮ್ಮನಿರಲಿಲ್ಲ. ಅವಳು ಮೊಬೈಲಿನಲ್ಲಿ ಒಂದು ಪ್ರೈವೇಟ್ ಯೂನಿವರ್ಸಿಟಿಯ ಪ್ರಾಸ್ಪೆಕ್ಟಸ್ ತೋರಿಸಿದಳು. ಐ ಮಸ್ಟ್ ಕನ್ಫೆಸ್, ಅದರ ಇಂಗ್ಲಿಷಿಗೆ ನಾನು ಮರುಳಾದೆ. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡಿಂಗ್‌ನಲ್ಲಿದ್ದು ಓದಿದವಳು. ಅಲ್ಲಿ ಉಚ್ಚಾರಣೆ ಕಲಿಸುತ್ತಿದ್ದ ನಮ್ಮ ಎಲೊಕ್ಯೂಷನ್ ಸಿಸ್ಟರ್, ಹಲ್ಲಿನ ನಡುವೆ ಬಾಟಲಿಯ ಕಾರ್ಕ್ ಇಡಿಸಿ ಓದಿಸುತ್ತಿದ್ದರು. ಆ ಕಾರ್ಕ್ ತೆಗೆದ ಮೇಲೆ ನಾಲಿಗೆಗೆ ಸಿಗುತ್ತಿದ್ದ ಹಗುರ ಈಗಲೂ ನೆನಪಿದೆ. ಸ್ಕೂಲಿನ ಕೊನೆಯ ವರ್ಷ ಕಾನ್ಸರ್ಟಿನ ನಾಟಕದಲ್ಲಿ ನಾನು ರಾಜ. ಉಣ್ಣೆಯ ಮೀಸೆ, ಸಿಸ್ಟರ್ ಹೊಲಿದ ಕೇಪ್. ಟರ್ಮ್ ಮುಗಿದು ಅಪ್ಪ ಕರೆದುಕೊಂಡು ಹೋಗಲು ಬಂದಾಗ ಸಿಸ್ಟರ್ ಅವರಿಗೆ, “ಯುವರ್ ಡಾಟರ್ ಹ್ಯಾಸ್ ಅ ವಾಯ್ಸ್. ಶಿ ಮಸ್ಟ್ ಟ್ರೇನ್” ಎಂದರು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಏನಂತಮ್ಮಾ ಎಂದು ನನ್ನನ್ನೇ ಕೇಳಿದರು. “ಚೆನ್ನಾಗಿ ಓದ್ತಾಳೆ ಅಂತಿದ್ದಾರೆ” ಎಂದುಬಿಟ್ಟೆ. ಯಾಕೆ ಹಾಗೆ ಹೇಳಿದೆ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಅವರು ಬೇಡ ಎನ್ನುವುದನ್ನು ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲ, ಅಷ್ಟೇ. ಬೇಡ ಎನ್ನುತ್ತಿದ್ದರೋ ಇಲ್ಲವೋ, ಅದೂ ಈಗ ಗೊತ್ತಾಗುವ ಹಾಗಿಲ್ಲ. ಮರುವರ್ಷ ಮದುವೆಯಾಗಿ ಈ ಊರಿಗೆ ಬಂದೆ.

ಕಣ್ಣಿನ ಡಾಕ್ಟರಿಗೆ ತೋರಿಸಬೇಕೆಂದು ಮನೆಯಲ್ಲಿ ಹೇಳಿ ನಾವಿಬ್ಬರೂ ಆ ಕ್ಯಾಂಪಸ್ಸಿಗೆ ಹೋದೆವು. ಗಾಜಿನ ಕಟ್ಟಡ, ಲಿಫ್ಟು, ನಗುಮುಖದ ಕೌನ್ಸೆಲರ್ ಹುಡುಗಿ. ಆಡಿಟೋರಿಯಂ ತೋರಿಸಿ ಎಂದೆ. ಬೀಗ ಹಾಕಿತ್ತು, ಕೀ ಅಡ್ಮಿನ್ ಮ್ಯಾನೇಜರ್ ಹತ್ತಿರವಂತೆ. ಬಾಗಿಲಿನ ಸಣ್ಣ ಗಾಜಿನಿಂದ ಇಣುಕಿದೆವು. ಕೆಂಪು ಕುರ್ಚಿಗಳು ಕಂಡವು. ನನಗೆ ಅಷ್ಟೇ ಸಾಕಾಯಿತು. ಅಪ್ಲಿಕೇಷನ್ ಫಾರಂ ತುಂಬಿಯೇ ಹೋಗೋಣವೇ ಎಂದು ಕೇಳಿದವಳು ನಾನು. “ಅಪ್ಪನ ಸೈನ್ ಬೇಕಲ್ಲ ಅಜ್ಜಿ” ಎಂದು ಅವಳೇ ತಡೆದಳು.

ಅದಾದ ಭಾನುವಾರ ಗ್ರ್ಯಾಂಡ್ ರಿಹರ್ಸಲ್. ರಾಣಿಯ ಕಲಾವಿದೆ ಎಂದಿನಂತೆ ಬೆಳಗಿನ ಬಸ್ಸಿಗೆ ಬಂದು ನಮ್ಮ ಹಜಾರದ ಪಕ್ಕದ ಕೋಣೆಯಲ್ಲಿ ಬ್ಯಾಗ್ ಇಳಿಸಿದರು. ಐವತ್ತರ ಹೆಂಗಸು, ದಪ್ಪ ಕನ್ನಡಕ. ಹಜಾರದಲ್ಲಿ ಮಗ ಕಾಫಿ ಕುಡಿಯುತ್ತಿದ್ದ. ಮೊಮ್ಮಗಳು ಧೈರ್ಯ ಮಾಡಿ ತಾನೇ ಕೇಳಿದಳು.

“ಅಪ್ಪ, ಲಾಸ್ಟ್ ಡೇಟ್ ಹತ್ರ ಬಂತು.”

“ಒಂದ್ಸಲ ಹೇಳಿದ್ನಲ್ಲ. ಇವತ್ತು ಡಿಗ್ರಿ ಅಂತೀಯ, ನಾಳೆ ನಿನ್ನೂ ಬಾಡಿಗೆಗೆ ಕರೀತಾರೆ, ಹೋಗ್ತೀಯಾ?”

ಕೋಣೆಯ ಬಾಗಿಲು ತೆರೆದೇ ಇತ್ತು. ಕಲಾವಿದೆ ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಹೊಸ್ತಿಲಿಗೆ ಬಂದರು. ದನಿ ಏರಿಸಲಿಲ್ಲ.

“ಅಣ್ಣ, ನಾನು ಬಾಡಿಗೆಗೆ ಬರೋಳೇ. ಸುಳ್ಳೇನಲ್ಲ. ನೀವೂ ಫ್ಯಾಕ್ಟರಿಗೆ ಸುಮ್ನೆ ಹೋಗಲ್ವಲ್ಲ.” ಮತ್ತೆ ಹೇಳಿದರು: “ಹದಿನಾಲ್ಕು ವರ್ಷದಿಂದ ನಿಮ್ಮೆದುರಿಗೆ ನಿಂತ್ಕೊಂಡಿದೀನಿ. ಎರಡನೇ ಸೀನಲ್ಲಿ ಪ್ರತಿ ಸಲ ಪದ್ಯ ಮರೀತೀರ. ಒಂದು ವರ್ಷನಾದ್ರೂ ಎತ್ತಿಕೊಡ್ದೆ ಬಿಟ್ಟಿದೀನಾ?”

ಮಗ ಲೋಟ ಕೆಳಗಿಟ್ಟ. “ಬಿಟ್ಟಿಲ್ಲ ಕಣಮ್ಮ” ಎಂದ. ಆಮೇಲೆ ಎದ್ದು ಹೊರಗೆ ಹೋದ.

ನಾನು ಅವರ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವರ ಮನೆ ಎಲ್ಲಿ, ಮಕ್ಕಳೆಷ್ಟು ಎಂದು ಆ ದಿನ ಮೊದಲ ಬಾರಿಗೆ ಕೇಳಿದೆ. ಹದಿನಾಲ್ಕು ವರ್ಷ ಅವರು ನನ್ನ ಮನೆಯಲ್ಲೇ ಸೀರೆ ಉಟ್ಟು, ಬಣ್ಣ ಹಚ್ಚಿಕೊಂಡು ಹೋಗಿದ್ದಾರೆ. ಎಲ್ಲಕ್ಕೂ ಮ್ಯಾನರ್ಸ್ ಕಲಿಸಿದ ಕಾನ್ವೆಂಟಿನಿಂದ ಬಂದವಳು ನಾನು. ಇಷ್ಟನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಅವರು ಮಾತ್ರ ಮೊಮ್ಮಗಳ ಕಡೆ ತಿರುಗಿದ್ದರು. “ಎಲ್ಲಿಗೆ ಸೇರ್ತೀಯ ಮಗಾ?” ಅವಳು ಮೊಬೈಲಿನಲ್ಲಿ ಕೆಂಪು ಕುರ್ಚಿ ತೋರಿಸಿದಳು.

“ಕುರ್ಚಿ ನೋಡ್ಬೇಡ. ಈ ಓದು ಓದಿದ ಹುಡುಗೀರು ಇಬ್ರು ನಮ್ಮ ಜೊತೆ ಪಾತ್ರಕ್ಕೆ ಬರ್ತಾರೆ. ಒಬ್ಬಳು ಬಣ್ಣ ಹಾಕ್ತಾಳೆ, ಲೈಟ್ ಕಟ್ತಾಳೆ, ಕರೆಂಟ್ ಹೋದ್ರೆ ಮೈಕಿಲ್ದೆ ಹಿಂದಿನ ಸಾಲಿಗೂ ಕೇಳೋ ಥರ ಮಾತಾಡ್ತಾಳೆ. ಇನ್ನೊಬ್ಬಳ ಹತ್ರ ಸರ್ಟಿಫಿಕೇಟ್ ಇದೆ. ಹೋದ ಕಡೆ ಮೂರನೇ ವರ್ಷದವರ ನಾಟಕ ತೋರ್ಸಿ ಅಂತ ಕೇಳು. ಮೊದಲನೇ ವರ್ಷದವರದ್ದಲ್ಲ. ಅವರು ತೋರ್ಸೋದು ಬರೋವಾಗ್ಲೇ ಕಲ್ತು ಬಂದಿದ್ದು. ಮೂರನೇ ವರ್ಷದವರಲ್ಲೇ ಆ ಕಾಲೇಜು ಏನು ಮಾಡಿದೆ ಅಂತ ಕಾಣೋದು.”

ಸೋಮವಾರ ನಾನೇ ಆ ಯೂನಿವರ್ಸಿಟಿಗೆ ಫೋನ್ ಮಾಡಿದೆ. ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ಮೂರನೇ ವರ್ಷದ ಮಕ್ಕಳ ನಾಟಕ ಯಾವಾಗ ಎಂದು ಕೇಳಿದೆ. ಅವರೆಲ್ಲ ಇವೆಂಟ್ ಮ್ಯಾನೇಜ್‌ಮೆಂಟ್ ಕಂಪನಿಗಳಲ್ಲಿ ಇಂಟರ್ನ್‌ಶಿಪ್‌ನಲ್ಲಿದ್ದಾರೆ ಮ್ಯಾಮ್, ನಾಟಕ ಇಲ್ಲ ಎಂದಳು ಆ ಹುಡುಗಿ. ಥ್ಯಾಂಕ್ ಯೂ ಡಿಯರ್ ಎಂದು ಇಟ್ಟೆ. ಮೊಮ್ಮಗಳ ಪಟ್ಟಿಯಲ್ಲಿ ಎರಡನೆಯದು ಬೆಂಗಳೂರಿನ ಹಳೆಯ ಕಾಲೇಜೊಂದರ ನಾಟಕ ವಿಭಾಗ. ಪ್ರಾಸ್ಪೆಕ್ಟಸ್ ನಾಲ್ಕೇ ಪುಟ. ಇಂಗ್ಲಿಷ್ ತಪ್ಪುಗಳಿದ್ದವೆಂದು ಮೊದಲು ನಾನೇ ಬೇಡವೆಂದಿದ್ದೆ. ಫೋನ್ ಎತ್ತಿದವರು, “ಶುಕ್ರವಾರ ಮಧ್ಯಾಹ್ನ ಫೈನಲ್ ಇಯರ್‌ನವರ ರಿಹರ್ಸಲ್, ಬನ್ನಿ” ಎಂದರು.

ಈ ಬಾರಿ ಮಗನಿಗೆ ಸುಳ್ಳು ಹೇಳಲಿಲ್ಲ. ನಾನೂ ನೋಡ್ತೀನಿ ಎಂದು ಅವನು ಅರ್ಧ ದಿನ ರಜೆ ಹಾಕಿ ಬಂದ. ನೆಲಮಂಗಲದಿಂದ ಬಸ್ಸಿನಲ್ಲಿ ಮೂವರೂ ಹೋದೆವು.

ಮರದ ನೆಲದ ದೊಡ್ಡ ಕೋಣೆ. ಫ್ಯಾನ್ ಸದ್ದು ಮಾಡುತ್ತಿತ್ತು. ಒಬ್ಬ ಹುಡುಗಿ ಏಣಿಯ ತುದಿಯಲ್ಲಿ ನಿಂತು ಲೈಟ್ ತಿರುಗಿಸುತ್ತಿದ್ದಳು. ಮಗ ಅಲ್ಲಿದ್ದ ಅಧ್ಯಾಪಕರನ್ನು ಕೇಳಿದ ಮೊದಲ ಪ್ರಶ್ನೆ: “ಸಾರ್, ಬೆಲ್ಟ್ ಹಾಕಿಸಲ್ವಾ? ನಮ್ಮ ಫ್ಯಾಕ್ಟರೀಲಿ ಸೇಫ್ಟಿ ಬೆಲ್ಟ್ ಇಲ್ದೆ ಏಣಿ ಹತ್ತೋ ಹಾಗಿಲ್ಲ.” ಹಾಕಿಸಬೇಕು, ನೀವು ಹೇಳಿದ್ದು ಸರಿ ಎಂದರು ಅವರು. ಅದೇ ಹುಡುಗಿ ಇಳಿದು ಬಂದು, ಕೈ ಒರೆಸಿಕೊಂಡು, ಎಂಬತ್ತರ ಮುದುಕಿಯಾಗಿ ನಡೆದಳು. ಬೆನ್ನು ಬಗ್ಗಿಸಲಿಲ್ಲ, ಕೋಲು ಹಿಡಿಯಲಿಲ್ಲ. ಕೂರುವ ಮುನ್ನ ಹಿಂದೆ ಕೈ ಚಾಚಿ ಕುರ್ಚಿ ಇದೆಯೇ ಎಂದು ಮುಟ್ಟಿ ನೋಡಿದಳು, ಅಷ್ಟೇ. ನಾನು ದಿನವೂ ಮಾಡುವುದು ಅದನ್ನೇ. ಮಗ ನನ್ನತ್ತ ನೋಡಿದ.

ಅದು ಮುಗಿದ ಮೇಲೆ ಅಧ್ಯಾಪಕರು ಮೊಮ್ಮಗಳಿಗೆ, ನಿನಗೇನು ಬರುತ್ತೆ, ತೋರಿಸು ಎಂದರು. ಅವಳು ಎದ್ದು ನಿಂತು ರಾಣಿಯ ಪದ್ಯ ಹಾಡಿದಳು. ಒಂದು ಸಾಲೂ ತಪ್ಪಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು.

“ಇದನ್ನ ನಿಂಗೆ ಹೇಳಿಕೊಟ್ಟವರು ಗಂಡಸರಲ್ವೇನಮ್ಮಾ?”

“ಯಾರೂ ಹೇಳಿಕೊಟ್ಟಿಲ್ಲ ಸಾರ್. ಮೇಷ್ಟ್ರು ಹೇಳೋದು ಕೇಳ್ತಿದ್ದೆ.”

“ಅದೇ. ಗಂಡಸು ಹೆಣ್ಣಾಗೋಕೆ ಮೂಗಿಂದ ದನಿ ತರ್ತಾನೆ. ನೀನು ಹೆಣ್ಣಾಗಿದ್ದೂ ಅದನ್ನೇ ಮಾಡ್ತಿದೀಯ. ಪೆಟ್ಟಿಗೆಗೆ ಗಾಳಿ ತುಂಬೋದಕ್ಕೆ ಅವರು ನಿಲ್ಲೋ ಕಡೆ ನೀನೂ ನಿಲ್ತೀಯ. ನಿಂಗೆ ಪೆಟ್ಟಿಗೆ ಎಲ್ಲಿದೆ?”

ಅಲ್ಲಿದ್ದವರೆಲ್ಲ ನಕ್ಕರು. ಅವಳ ಮುಖ ಕೆಂಪಾಯಿತು. ಇನ್ನೇನು ಅಳುತ್ತಾಳೆ ಅಂದುಕೊಂಡೆ. ಅವಳು, “ಹಾಗಾದ್ರೆ ನಾನು ಹೇಗೆ ಹಾಡ್ಬೇಕು ಸಾರ್?” ಎಂದು ಕೇಳಿದಳು.

“ನಂಗೂ ಗೊತ್ತಿಲ್ಲ. ಸೇರ್ಕೊಂಡ್ರೆ ಹುಡುಕೋಣ.”

ವಾಪಸ್ ಬರುವಾಗ ಬಸ್ಸಿನಲ್ಲಿ ಮಗ ಕಿಟಕಿಯ ಪಕ್ಕ ಕುಳಿತ. ಪೀಣ್ಯ ದಾಟಿತು. ಆಮೇಲೆ, ಯಾರಿಗೆ ಹೇಳಿದನೋ ತಿಳಿಯದು, “ಇವಳಿಗೆ ಪದ್ಯ ಎಲ್ಲಾ ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅಷ್ಟು ವರ್ಷ ಹಜಾರದಲ್ಲೇ ಇದ್ಳು” ಎಂದ.

ಆ ಕಾಲೇಜಿನ ಫಾರಂ ಊಟದ ಮೇಜಿನ ಮೇಲೆ ಎರಡು ದಿನ ಇತ್ತು. ಮೂರನೆಯ ದಿನ ಬೆಳಿಗ್ಗೆ ಶಿಫ್ಟಿಗೆ ಹೊರಡುವ ಮುಂಚೆ ಪೆನ್ ಕೇಳಿದ. ಕೊಟ್ಟೆ. ಸೈನ್ ಮಾಡುವ ಜಾಗದ ಮೇಲೆ ಪೆನ್ ಇಟ್ಟುಕೊಂಡು ಮಗಳನ್ನು ಕರೆದ.

“ಒಂದು ಮಾತು. ಎಲ್ಲಾದ್ರೂ ಆಡು. ನಮ್ಮೂರ ಸ್ಟೇಜ್ ಮೇಲೆ ಮಾತ್ರ ಬೇಡ.”

“ಪಕ್ಕದೂರಲ್ಲಿ ಆಡಬಹುದಾ?”

“ಲೇ.”

“ಕೇಳ್ದೆ ಅಷ್ಟೇ ಅಪ್ಪ.”

ಅವನಿಗೆ ನಗು ಬಂತು. ಸೈನ್ ಮಾಡಿ, ಹೆಲ್ಮೆಟ್ ತೆಗೆದುಕೊಂಡು ಹೊರಟ.

ನನಗೆ ನಗು ಬರಲಿಲ್ಲ. ಆ ಷರತ್ತು ಸರಿಯಲ್ಲ ಎಂದು ಆ ಕ್ಷಣವೇ ಹೇಳಬೇಕಿತ್ತು. ಹೇಳಿದರೆ ಎಲ್ಲಿ ಪೆನ್ ಎತ್ತಿಬಿಡುತ್ತಾನೋ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಮೊಮ್ಮಗಳು ಫಾರಂ ಮಡಿಸದೆ ಜೋಪಾನವಾಗಿ ಫೈಲಿಗೆ ಸೇರಿಸುತ್ತಿದ್ದಳು. ಬೇಜಾರಾಯಿತೇನೇ ಎಂದು ಕೇಳಿದೆ.

“ಆಯ್ತು” ಎಂದಳು. “ಆದ್ರೆ ಮೊದಲು ಅಲ್ಲಿ ಸೀಟ್ ಸಿಗ್ಲಿ ಬಿಡಜ್ಜಿ. ಇಲ್ಲಿ ಆಡೋಕೆ ನಂಗಿನ್ನೂ ಬರಲ್ಲ.”